ಮೇಕೆಗಳಿಗೊಂದು ತಗಡಿನ ಅರಮನೆ

ದೇವಸಮುದ್ರದಲ್ಲಿ ಮೇಕೆಗಳಿಗೆ ಅರಮನೆ ಕಟ್ಟಿಸಿದ ಮಹಾಪುರುಷ ಯಾರೆಂದು ಮುಂದೊಂದು ದಿನ ಯಾರಾದರೂ ಕೇಳಿದರೆ, ಎಲ್ಲರೂ ಈ ದಾಸಣ್ಣನ ಹೆಸರನ್ನೇ ಹೇಳಬೇಕು! ಯುಗಾದಿ ಹಬ್ಬದ ಹೋಳಿಗೆ ಮೆಲ್ಲುತ್ತಾ ನಾನು ಹೀಗೆ ಘೋಷಿಸಿದೆ. ನಾನು ಚಳ್ಳಕೆರೆ ರೂಟಿನ ಖಾಸಗಿ ಬಸ್ಸಿನ ಕಂಡಕ್ಟರ್. ಐವತ್ತು ಸೀಟಿನ ಬಸ್ಸಿಗೆ ನೂರು ಜನರನ್ನು ತುಂಬುವವನಿಗೆ ಹನ್ನೊಂದು ಮೇಕೆಗೆ ಸೂರು ಮಾಡುವುದು ಯಾವ ಲೆಕ್ಕ!

ಹೆಂಡತಿ ನಾಗರತ್ನ ತುಪ್ಪ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. "ಈಗಿರೋ ಬಾದೆ ಹುಲ್ಲಿನ ಚಾವಣಿಗೆ ಏನಾಗೈತ್ರಿ? ಒಳಗೆ ತಣ್ಣಗೈತೆ. ಕೆಂಚಿ ಬೇರೆ ತುಂಬಿದ ಗಬ್ಬ."

ಕೆಂಚಿ ಅವಳ ತವರಿನಿಂದ ಬಂದ ಮೇಕೆ. ಹೋದ ಸಲ ಅದರ ಮರಿ ಹೊಟ್ಟೆಯಲ್ಲೇ ಸತ್ತಾಗ ನಾಗರತ್ನ ಎರಡು ದಿನ ಊಟ ಬಿಟ್ಟಿದ್ದಳು. ಈ ಸಲ ದಿನ ಎಣಿಸುತ್ತಿದ್ದಳು.

"ಹುಲ್ಲು ಹಳೇ ಕಾಲದ್ದು ಕಣೇ! ತಗಡು ನೋಡು, ಊರಾಚೆಗೇ ಫಳಫಳ ಅಂತೈತೆ!"

ಚಳ್ಳಕೆರೆಯ ತಗಡಿನ ಅಂಗಡಿ ಮಸ್ತಾನ್ ಸಾಬ್ ಎಚ್ಚರಿಸಿದರು. "ಮೇಕೆಗಾ ಭಾಯ್? ಮೇಲೆ ಏನಾದ್ರೂ ಹೊದಿಸು. ಇಲ್ಲಾಂದ್ರೆ ಒಳಗೇ ದಮ್ ಬಿರಿಯಾನಿ ಆಗ್ತೈತೆ!"

ನಾನು ನಕ್ಕುಬಿಟ್ಟೆ. ತಗಡುಗಳು ಟಿಕೆಟ್ಟಿಲ್ಲದೆ ಬಸ್ಸಿನ ಮೇಲೇರಿ ಊರಿಗೆ ಬಂದವು. ಹುಲ್ಲು ಹಿತ್ತಿಲು ಸೇರಿತು.

ಮೊದಲ ಮಧ್ಯಾಹ್ನವೇ ಹತ್ತು ಮೇಕೆಗಳು ಒಳಗೆ ಹೋದಷ್ಟೇ ವೇಗದಲ್ಲಿ ಆಚೆ ಬಂದವು. ಹೊಟ್ಟೆ ಹೊತ್ತ ಕೆಂಚಿ ಮಾತ್ರ ಅಲ್ಲೇ ಕುಸಿದು, ಬಾಯಿ ತೆರೆದು, ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ನಾಗರತ್ನ ಅದನ್ನು ಬೇವಿನ ನೆರಳಿಗೆ ನಡೆಸಿ ನೀರು ಕುಡಿಸಿದಳು. ಅವಳ ಕಣ್ಣು ತುಂಬಿತ್ತು.

"ಇದಕ್ಕೇನಾದ್ರೂ ಆದ್ರೆ, ನೀವೂ ಆ ತಗಡಿನ ಕೆಳಗೇ ಬಿದ್ದಿರ್ರಿ!"

ಸಾಬರ ಮಾತು ನೆನಪಾಯಿತು. ಆದರೆ ಮತ್ತೆ ಅದೇ ಹುಲ್ಲು ಹೊದಿಸಿದರೆ ಮಾನ ಉಳಿಯುತ್ತದೆಯೇ? ಬಣವೆಯಲ್ಲಿದ್ದ ಒಣ ಶೇಂಗಾ ಬಳ್ಳಿಯನ್ನು ತಗಡಿನ ಮೇಲೆ ಮೊಣಕಾಲೆತ್ತರಕ್ಕೆ ಹರಡಿದೆ. ಒಳಗೆ ತಂಪೋ ತಂಪು! ಮೀಸೆ ತಿರುವಿಕೊಂಡು ಡ್ಯೂಟಿಗೆ ಹೋದೆ.

ಮರುದಿನ ಮಧ್ಯಾಹ್ನ ಬಸ್ಸಿಳಿಯುವಷ್ಟರಲ್ಲಿ ಪಕ್ಕದ ಮನೆಯ ಯತ್ತಪ್ಪ ಕೂಗಿದ. "ಲೇ ದಾಸ, ನಿನ್ ಅರಮನೇಲಿ ಪಂಕ್ತಿ ಊಟ ನಡೆದೈತೆ, ಓಡಲೇ!"

ಹನ್ನೊಂದು ಮೇಕೆಗಳೂ ಕಲ್ಲುಗೋಡೆ ಹತ್ತಿ ಚಾವಣಿಯ ಮೇಲೆ ನಿಂತು ಚಾವಣಿಯನ್ನೇ ಮೇಯುತ್ತಿದ್ದವು! ಅಯ್ಯೋ, ಶೇಂಗಾ ಬಳ್ಳಿ ಎಂದರೆ ಮೇಕೆಗೆ ಹಬ್ಬದೂಟ ಎಂಬುದು ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ! ಅರ್ಧ ತಗಡು ಆಗಲೇ ಬೋಳಾಗಿತ್ತು. ತುತ್ತತುದಿಯಲ್ಲಿ ಕೆಂಚಿ. ಕೆಳಗೆ ನಾಗರತ್ನ ಸೆರಗೊಡ್ಡಿ ನಿಂತಿದ್ದಳು. "ಮೆಲ್ಲಕೆ ಇಳಿಯವ್ವ, ನಮ್ಮವ್ವ..."

ಚಪ್ಪಲಿ ಬಿಟ್ಟು ಹತ್ತಿದೆ. ಕೆಂಚಿ ನನ್ನನ್ನು ನೋಡಿ, ಇನ್ನೊಂದು ಬಾಯಿ ಬಳ್ಳಿ ಕಚ್ಚಿಕೊಂಡು, ಗೋಡೆ ಹಿಡಿದು ಸಲೀಸಾಗಿ ಇಳಿದುಹೋಯಿತು. ನನ್ನ ಬರಿಗಾಲು ಕಾದ ಬೋಳು ತಗಡಿನ ಮೇಲೆ ಬಿತ್ತು. ಕುಣಿದೆ. ತಡೆಯಲಾರದೆ ಕುಳಿತೆ. ಅದಂತೂ ಇನ್ನೂ ಘೋರ! ಕೆಳಗೆ ಬಂದಾಗ ನನ್ನ ನಾಲಿಗೆಯೂ ಆಚೆ ಇತ್ತು.

"ಈಗ ಗೊತ್ತಾತಾ ಕೆಂಚಿ ಸಂಕಟ?" ನಾಗರತ್ನ ಕೇಳಿದಳು.

ಅಂದು ಸಂಜೆ ಇಬ್ಬರೂ ಸೇರಿ ತಗಡಿನ ಮೇಲೆ ಹಿತ್ತಿಲಲ್ಲಿದ್ದ ಅದೇ ಒರಟು ಬಾದೆ ಹುಲ್ಲು ಹೊದಿಸಿದೆವು. ಅದನ್ನು ಮೇಕೆಗಳು ಮೂಸಿಯೂ ನೋಡಲಿಲ್ಲ. ಎಂಟನೇ ದಿನ ಕೆಂಚಿ ಎರಡು ಮರಿ ಹಾಕಿತು. ಎರಡೂ ಎದ್ದು ನಿಂತು ಮೊಲೆ ಹುಡುಕಿದವು. ನಾಗರತ್ನ ಅಳುತ್ತಲೇ ನಕ್ಕು ನನ್ನ ಬಾಯಿಗೂ ಬೆಲ್ಲ ಹಾಕಿದಳು. ಕ್ಷಮೆ ಸಿಕ್ಕಿತೆಂದುಕೊಂಡೆ.

ಮರುವಾರ ಅವಳು ನನ್ನ ಬಸ್ಸಿನಲ್ಲೇ ಚಳ್ಳಕೆರೆಗೆ ಬಂದಳು. ಸ್ಟ್ಯಾಂಡಿನಲ್ಲಿ ಮಸ್ತಾನ್ ಸಾಬ್ ಕೇಳಿದರು. "ಚಾವಣಿ ಹೆಂಗೈತೆ ಭಾಯ್?"

ನಾನು ಬಾಯಿ ತೆರೆಯುವ ಮೊದಲೇ ಕಿಟಕಿಯಿಂದ ಉತ್ತರ ಬಂತು.

"ಮೇಕೆಗಳನ್ನ ಕೇಳ್ರಿ ಸಾಬ್ರೆ, ಭಾಳ ರುಚಿಯಾಗಿತ್ತಂತೆ!"