ಅವ್ವನ ದವಡೆಯ ಬಿಜಾಗರಿ

ನಮ್ಮ ಮನೆಗೆ ಕಷ್ಟ ಬಂದರೂ ಸೀದಾ ಬರುವುದಿಲ್ಲ. ಹೊಸ್ತಿಲಲ್ಲಿ ಎಡವಿ ಬಿದ್ದು, ನಾಲ್ಕು ಮಂದಿಯನ್ನು ನಗಿಸಿಯೇ ಒಳಗೆ ಬರುತ್ತದೆ. ನಾವು ಧಾರವಾಡ ಕಡೆಯವರು. ಪುಣೆ ಹತ್ತಿರದ ದೇಹೂ ರೋಡಿನಲ್ಲಿ ಅಪ್ಪನ ಆಫೀಸು, ಅಲ್ಲೇ ಮನೆ. ನಾನು ಬಡಗಿ ಅಂಗಡಿಯಲ್ಲಿ ಚೌಕಟ್ಟಿಗೆ ಬಿಜಾಗರಿ ಬಡಿದು ಬಾಗಿಲು ಕೂರಿಸುವುದು ಕಲಿಯುತ್ತೇನೆ. ನಡುನಡುವೆ ಹತ್ತನೇ ಕ್ಲಾಸಿನ ಗಣಿತ ಪರೀಕ್ಷೆಗೆ ಕೂರುತ್ತೇನೆ, ಉಳಿದ ಹೊತ್ತು ಕಿತಾಪತಿ ಮಾಡುತ್ತೇನೆ. ಅವ್ವನಿಗೆ ಸಂಧಿವಾತ. ಮೊದಲು ಕೈಬೆರಳ ಗೆಣ್ಣುಗಳು ಊದಿದವು. ಹೋದ ವರ್ಷ ಆ ಜಡ್ಡು ಮೇಲಕ್ಕೆ ಹತ್ತಿ ದವಡೆಗೇ ಬಂದು ಕೂತಿತು.

೧. ಚಕ್ಕಲಿ ಕಳ್ಳ

ಒಂದು ದಿನ ಊಟಕ್ಕೆ ಕೂತಾಗ ಅವ್ವ ಗಕ್ಕನೆ ನನ್ನ ಕಡೆ ತಿರುಗಿದಳು.

"ಬಾಯಾಗ ಏನೋ ಅದು? ಕರಕರ ಅಂತದ. ಡಬ್ಬ್ಯಾಗಿನ ಚಕ್ಕಲಿ ಕದ್ದಿಯೇನು?"

"ಇಲ್ಲ ಬೇ, ಅನ್ನ ಉಣ್ಣಾಕತ್ತೇನಿ."

"ಅನ್ನ ಕರಕರ ಅಂತದೇನು?" ಅಂತ ತಲೆಗೆ ಒಂದು ಬಿಟ್ಟಳು. ಮರುದಿನವೂ ಕರಕರ, ಮರುದಿನವೂ ಒಂದು ಏಟು. ನನ್ನ ಹೆಸರು ಹಂಗದ. ಕದಿಯದಿದ್ದ ದಿನವೂ ಕಳ್ಳ ನಾನೇ.

ವಾರದಲ್ಲಿ ಅವ್ವನಿಗೆ ಕಿವಿಯ ಮುಂದೆ ನೋವು ಶುರುವಾಯಿತು. ಕಿವಿ ಡಾಕ್ಟರು ಬ್ಯಾಟರಿ ಹಾಕಿ ನೋಡಿ, "ಕಿವಿ ಸ್ವಚ್ಛ ಅದ. ಇದು ದವಡೆಯ ಕೀಲು" ಅಂದರು. ಅಲ್ಲಿ ಬೆರಳಿಟ್ಟು ಬಾಯಿ ತೆಗೆಯಲು ಹೇಳಿದರು. ಕರ್ರ್! ನನಗೂ ಕೇಳಿಸಿತು.

"ಈ ಸಪ್ಪಳ ಎಷ್ಟು ದಿನದಿಂದ ಅದ?"

ಅವ್ವ ನನ್ನ ಮುಖ ನೋಡಿ, ಮೆಲ್ಲಗೆ ಅಂದಳು: "ಇವಗ ಎರಡು ಸಲ ಹೊಡದೇನ್ರೀ. ಮೊದಲನೇದು ಹೊಡದು ಎಂಟು ದಿನ ಆತು."

೨. ಯಾರ ಬೆರಳು?

ಕಿವಿ ಡಾಕ್ಟರು ನಮ್ಮನ್ನು ಸಂಧಿವಾತದ ಮೇಡಂ ಹತ್ತಿರ ಕಳಿಸಿದರು. ಅವರು ಸ್ಕ್ಯಾನ್ ಮಾಡಿಸಿ ಪರದೆಯ ಮೇಲೆ ತೋರಿಸಿದರು. ಗುಂಡಗಿರಬೇಕಾದ ದವಡೆ ಎಲುಬಿನ ತಲೆ, ಇಲಿ ಕಡಿದ ಸಾಬೂನಿನ ಹಾಗೆ ಚಪ್ಪಟೆ ಆಗಿತ್ತು. ಮೈ ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಕೀಲಿನ ಒಳಪದರದ ಮೇಲೆ ಬೀಳುತ್ತದಂತೆ. ಆ ಪದರ ಊದಿ ಎಲುಬನ್ನು ತಿನ್ನುತ್ತದಂತೆ. ಅಪ್ಪನಿಗೆ ತಿಳಿಯಲಿಲ್ಲ. ನಾನು ನನ್ನ ಭಾಷೆಯಲ್ಲಿ ಹೇಳಿದೆ: "ಅಪ್ಪಾ, ಬಾಗಿಲು ಛಲೋ ಅದ. ಬಿಜಾಗರಿ ಸವದದ."

"ಎಣ್ಣಿ ಬಿಟ್ಟರ?" ಅಂದ ಅಪ್ಪ.

ಮೇಡಂ ನಗಲಿಲ್ಲ. "ಹೋದ ಎಲುಬು ತಿರುಗಿ ಬರುವುದಿಲ್ಲ. ಉಳಿದದ್ದನ್ನು ಉಳಿಸಲು ಔಷಧಿ ಕೊಡುತ್ತೇನೆ. ಆದರೆ ಬಾಯಿ ತೆರೆದು ಮುಚ್ಚಿ ಮಾಡುತ್ತಿರಬೇಕು, ಇಲ್ಲದಿದ್ದರೆ ಕೀಲು ಬಿಗಿದುಬಿಡುತ್ತದೆ. ಈಗ ಬಾಯೊಳಗೆ ಒಂದೂವರೆ ಬೆರಳು ಹೋಗುತ್ತದೆ. ಮೂರು ತಿಂಗಳಲ್ಲಿ ಮೂರು ಬೆರಳು ಹೋಗಬೇಕು. ಹೋಗದಿದ್ದರೆ ಆಪರೇಷನ್ನಿನ ಮಾತು ಆಡಬೇಕಾಗುತ್ತದೆ."

ಆಪರೇಷನ್ ಅಂದೊಡನೆ ಅವ್ವನ ಮುಖ ಬೆಳ್ಳಗಾಯಿತು. ಆದರೂ ವ್ಯವಹಾರ ಬಿಡಲಿಲ್ಲ. ಊದಿದ ಕೈ ಮುಂದೆ ಚಾಚಿದಳು.

"ಯಾರ ಬೆರಳ್ರೀ? ನನ್ನ ಮೂರು ಅಂದ್ರ ನಿಮ್ಮ ನಾಕು ಆಗತಾವ. ಈಗ ಹೇಳಿಬಿಡ್ರಿ, ಆಮ್ಯಾಲ ತಕರಾರು ಬ್ಯಾಡ."

೩. ಗ್ಲಾಸಿನಲ್ಲಿ ರೊಟ್ಟಿ

ಮೆತ್ತನ್ನ ಊಟ ಅಂತ ಮೇಡಂ ಹೇಳಿದ್ದರು. ಕಟಕ್ ರೊಟ್ಟಿ ಮುರಿದು ತಿನ್ನುವ ಹೆಣ್ಣುಮಗಳಿಗೆ ಮೆತ್ತನ್ನ ಊಟ! ಬಾಜೂಮನೆ ಮರಾಠಿ ಕಾಕು ಪ್ರೀತಿಯಿಂದ ಖಿಚಡಿ ತಂದರೆ ಅವ್ವ, "ಜ್ವರ ಬಂದೋರ ಊಟ ಇದು. ನನಗೆಲ್ಲೆ ಜ್ವರ ಅದ?" ಅಂತ ತಾಟು ಸರಿಸಿದಳು. ನಾಲ್ಕು ದಿನದಲ್ಲಿ ಬಳೆ ಸಡಿಲಾದವು.

ಐದನೇ ದಿನ ನಾನು ಎರಡು ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು ಎಲ್ಲ ಮಿಕ್ಸಿಗೆ ಹಾಕಿ ತಿರುವಿದೆ. ಬಣ್ಣ ನೋಡಬಾರದು. ಅವ್ವ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು, ಕಣ್ಣು ತೆರೆದು ಅಂದಳು: "ಉಪ್ಪು ಕಡಿಮಿ ಆಗೇದ."

ಅಂದಿನಿಂದ ಅದೇ ರೂಢಿ. ಒಂದು ಮಧ್ಯಾಹ್ನ ಅಪ್ಪ ಬಿಸಿಲಲ್ಲಿ ಬಂದವನೇ ಫ್ರಿಜ್ ತೆಗೆದು ಆ ಗ್ಲಾಸು ಎತ್ತಿ ಗಟಗಟ ಮುಗಿಸಿದ. ಆಮೇಲೆ ನಿಂತಲ್ಲೇ ನಿಂತ.

"ಏನೋ ಇದು? ಚಿಕ್ಕು ಶೇಕ್ ಅಲ್ಲೇನು?"

"ಅವ್ವನ ಊಟ. ಎರಡು ರೊಟ್ಟಿ, ಎಣಗಾಯಿ."

ಅಪ್ಪ ಮೀಸೆ ಒರೆಸಿಕೊಂಡ. "ಹಂಗಾರ ನನಗ ತಾಟು ಹಾಕಬ್ಯಾಡ."

೪. ಬದಲಿ ಬೈಗುಳ

ಅವ್ವ ಬೈದರೆ ಮೊದಲು ಸ್ಟೇಷನ್ ತನಕ ಕೇಳುತ್ತಿತ್ತು. ಈಗ ಬಾಯಿ ಏಳದು, ಬೆರಳಿಗೆ ಚಿವುಟುವ ಶಕ್ತಿ ಇಲ್ಲ. ನಾನು ಅಪ್ಪನ ಚಪ್ಪಲಿ ಮಾಳಿಗೆಗೆ ಎಸೆದೆ, ಸಕ್ಕರೆ ಡಬ್ಬಿಗೆ ಉಪ್ಪು ತುಂಬಿದೆ. ಅವ್ವ ಬರೀ ನೋಡಿದಳು. ಮನೆ ಸಪ್ಪಗಾಯಿತು. ಬೈಸಿಕೊಳ್ಳದೆ ನನಗೂ ಕೂಳು ಇಳಿಯಲೊಲ್ಲದು.

ಕಡೆಗೆ ಅವ್ವ ಕಾಕುಗೆ ಆ ಕೆಲಸ ವಹಿಸಿದಳು. ಅವ್ವ ಕಾಕು ಕಿವಿಯಲ್ಲಿ ಎರಡು ಮಾತು ಹಾಕುವುದು, ಕಾಕು ಅದನ್ನು ಮರಾಠಿಯಲ್ಲಿ ಬೆಳೆಸಿ ಗಲ್ಲಿ ತುಂಬ ಹರಡುವುದು. "ಅರೇ ಗಾಢವಾ!" ಅಂತ ಶುರು ಮಾಡಿದರೆ ಕತ್ತೆಯಿಂದ ಹಿಡಿದು ನನ್ನ ಕೂದಲಿನವರೆಗೆ ಏನೂ ಬಿಡುತ್ತಿರಲಿಲ್ಲ. ಒಂದು ದಿನ ಕಾಕು ಹತ್ತು ನಿಮಿಷ ಬೈದು, ಬೆವರು ಒರೆಸಿಕೊಂಡು ಕೂತರು. ಅವ್ವ ಅವರ ಸೆರಗು ಹಿಡಿದು ಜಗ್ಗಿದಳು.

"ಇವನ ಅಪ್ಪನ್ನ ಬೈಯೋದು ಮರತ್ರಿ."

೫. ಮೂರನೇ ಬೆರಳು

ಮೂರು ತಿಂಗಳಾದವು. ಊತ ಇಳಿದಿತ್ತು, ನೋವು ಕಡಿಮೆ ಆಗಿತ್ತು. ಆದರೂ ಅವ್ವ ಬಾಯಿ ಅರ್ಧಕ್ಕೇ ನಿಲ್ಲಿಸುತ್ತಿದ್ದಳು. ಲೋಕಲ್ ಗಾಡಿಯಲ್ಲಿ ಮೂವರೂ ಪುಣೆಗೆ ಹೋಗುವಾಗ ಅವ್ವ ನನ್ನ ಕೈ ಹಿಡಿದು ಕೂತಿದ್ದಳು. "ಕಿವಿ ಮುಂದ ಕೊಯ್ಯತಾರೇನೋ?" ಅಂತ ಕೇಳಿದಳು. ನನಗೆ ಜೋಕು ಹೊಳೆಯಲಿಲ್ಲ. ಹಂಗೆ ಆದದ್ದು ಅದೊಂದೇ ಸಲ.

ಮೇಡಂ ಕೈಗವಸು ಹಾಕಿಕೊಂಡರು. "ತೆಗೀರಿ." ಎರಡು ಬೆರಳು ಹೋದವು, ಮೂರನೆಯದು ಹೋಗಲಿಲ್ಲ. "ಇನ್ನೂ ತೆಗೀರಿ." ಅವ್ವ ಕಣ್ಣು ಬಿಗಿದಳು, ದವಡೆ ಅದಕ್ಕಿಂತ ಬಿಗಿದಳು.

"ಕೀಲಿನ ಬಿಗಿತ ಬಿಟ್ಟದ, ಅಂಜಿಕೆ ಬಿಟ್ಟಿಲ್ಲ," ಅಂದರು ಮೇಡಂ. "ಇಷ್ಟೇ ಆದರೆ ಸರ್ಜನ್‌ರಿಗೆ ಚೀಟಿ ಬರೆಯಬೇಕಾಗುತ್ತದೆ." ಒಂದು ಕೈಗವಸು ತೆಗೆದು ಬರೆಯಲೂ ಶುರು ಮಾಡಿದರು.

ಅವ್ವನ ಕಣ್ಣಿನ ತುದಿಯಲ್ಲಿ ನೀರು ಬಂತು. ನಾನು ಮುಂದೆ ಬಂದು ನಿಂತೆ.

"ಅವ್ವಾ, ಹತ್ತನೇ ಕ್ಲಾಸಿಂದು ರಿಸಲ್ಟ್ ಬಂತು. ಗಣಿತ ಮೂರನೇ ಸಲಾನೂ ಹೋತು."

"ಆಂ?!"

ಏನು ಬಾಯಿ ಅದು! ಮೇಡಂ ಸಟ್ಟನೆ ಬೆರಳು ಇಟ್ಟರು. ಮೂರೂ ಹೋದವು, ಮೇಲೆ ಜಾಗ ಉಳಿಯಿತು. ಅಪ್ಪ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ. ಮೇಡಂ ಬರೆಯುತ್ತಿದ್ದ ಚೀಟಿ ಹರಿದು ಬುಟ್ಟಿಗೆ ಹಾಕಿದರು.

"ಶಾಬಾಸ್! ಎಷ್ಟು ಚಂದ ಸುಳ್ಳು ಹೇಳಿದಿ ಹುಡುಗಾ!"

ನಾನು ಬಾಗಿಲ ಚಿಲಕದ ಮೇಲೆ ಕೈ ಇಟ್ಟುಕೊಂಡೇ ಕೇಳಿದೆ: "ಸುಳ್ಳು ಯಾರು ಹೇಳ್ಯಾರ್ರೀ ಮೇಡಂ?"