ನಿಂತ ಕಾರನ್ನು ಓಡಿಸುವ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ಕಗ್ಗದಾಸಪುರದ ವೆಂಕಟಸುಬ್ಬಯ್ಯನ ಅನಂತ ನಮಸ್ಕಾರಗಳು. ಕಳೆದ ತಿಂಗಳು ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ತಮ್ಮ ಹಾಸ್ಯ ಧಾರಾವಾಹಿಯ ಚಿತ್ರೀಕರಣಕ್ಕೆಂದು ನಮ್ಮ ಬಿಳಿ ಕಾರನ್ನು ಎರವಲು ಪಡೆದು, ಒಂದು ಗೀರೂ ಬೀಳದಂತೆ ಹಿಂತಿರುಗಿಸಿದ್ದೀರಿ. ಕಾರಿನ ಬಗ್ಗೆ ನನ್ನ ತಕರಾರಿಲ್ಲ; ತಕರಾರು ಅದರ ಮುಂದಿನ ಎಡ ಸೀಟಿನದು.

ತಮ್ಮ ನಾಯಕ ಹಲಸೂರಿನಿಂದ ಕೆ.ಆರ್. ಪುರದವರೆಗೆ ಕಾರು ಓಡಿಸುತ್ತಾ ದಾರಿಯುದ್ದಕ್ಕೂ ಹೆಂಡತಿಯ ಮುಖವನ್ನೇ ನೋಡುತ್ತಾನೆ. ವಾಹನಗಳು ಕಿಕ್ಕಿರಿಯುವ ಟಿನ್ ಫ್ಯಾಕ್ಟರಿ ವೃತ್ತ ಬಂದರೂ ಕಣ್ಣು ಕದಲುವುದಿಲ್ಲ. ಬಸ್ಸುಗಳೇ ಸರಿದು ದಾರಿ ಬಿಡುತ್ತವೆ. ಇಂಥ ಚಾಲಕನನ್ನು ಸೃಷ್ಟಿಸಿದ ತಮಗೆ ಊರಿನ ಪರವಾಗಿ ಶಾಲು ಹೊದಿಸಬೇಕು. ಆದರೆ ಇದನ್ನು ದಿನಾ ನೋಡುವ ನನ್ನ ಶ್ರೀಮತಿ ಅಂಬುಜಾ, ಇಪ್ಪತ್ತೆರಡು ವರ್ಷದಿಂದ ಪಕ್ಕದಲ್ಲಿ ಕೂತ ತನ್ನ ಕಡೆ ನಾನು ಒಮ್ಮೆಯೂ ತಿರುಗಿಲ್ಲವೆಂಬ ತೀರ್ಮಾನಕ್ಕೆ ಬಂದಿದ್ದಾಳೆ. ತಿರುಗಿದ್ದರೆ ನಾವು ಇಪ್ಪತ್ತೆರಡು ವರ್ಷ ಉಳಿಯುತ್ತಲೇ ಇರಲಿಲ್ಲವೆಂದು ವಾದಿಸಿದೆ, ಪ್ರಯೋಜನವಾಗಲಿಲ್ಲ.

ಚಿತ್ರೀಕರಣದ ದಿನ ತಮ್ಮ ಗುಟ್ಟು ಬಯಲಾಯಿತೆಂದು ಹಿಗ್ಗಿದೆ. ಕಾರು ನಿಂತಲ್ಲೇ ಇತ್ತು, ಅದರ ಹಿಂದೆ ಹಸಿರು ಬಟ್ಟೆ ಕಟ್ಟಿತ್ತು, ರಸ್ತೆಯನ್ನು ಆಮೇಲೆ ಅಂಟಿಸುತ್ತೀರಂತೆ. ತಮ್ಮ ಕೆಲಸಗಾರರಾದ ಮುನೀರ್ ಮತ್ತು ಜಟ್ಟೆಪ್ಪ ಹಿಂದಿನ ಬಂಪರ್ ಹಿಡಿದು ಕಾರನ್ನು ಕುಲುಕುತ್ತಿದ್ದರು. ನಮ್ಮ ರಸ್ತೆಗೇ ಇಳಿಸಿದ್ದರೆ ಆ ಸೇವೆ ಪುಕ್ಕಟೆ ಸಿಗುತ್ತಿತ್ತು. ಇದನ್ನೆಲ್ಲ ಅಂಬುಜಾಗೆ ತೋರಿಸಿ ಗೆದ್ದೆನೆಂದುಕೊಳ್ಳುವಾಗಲೇ ತಾವು ಬಂದು, ಕಲಾವಿದರು ಬರುವವರೆಗೆ ಬೆಳಕು ಸರಿಪಡಿಸಿಕೊಳ್ಳಲು ನಮ್ಮಿಬ್ಬರನ್ನೇ ಕಾರಿನಲ್ಲಿ ಕೂರಬೇಕೆಂದು ಕೋರಿದಿರಿ.

ಕೂತೆವು. ಮುನೀರ್ ಕುಲುಕಿದ. ನಾನು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಕನ್ನಡಿ ನೋಡಿ, ಎದುರಿನ ಕಾಂಪೌಂಡ್ ಗೋಡೆ ಹತ್ತಿರವಾದಂತೆನಿಸಿ ಬ್ರೇಕ್ ತುಳಿದು, ಎಡಕ್ಕೆ ಇಂಡಿಕೇಟರನ್ನೂ ಒತ್ತಿದೆ. ಕೀಲಿ ತಮ್ಮ ಜೇಬಿನಲ್ಲಿತ್ತು. ಆಗ ಅಂಬುಜಾ ಮೆಲ್ಲಗೆ, “ಗಾಡಿ ನಿಂತಿದೆ ರೀ. ಈಗ್ಲಾದ್ರೂ ಈ ಕಡೆ ನೋಡ್ಬಹುದಲ್ಲ” ಎಂದಳು. ನಾನು ತಿರುಗುವಷ್ಟರಲ್ಲಿ ಕಲಾವಿದರು ಬಂದರು, ಅವಳು ಇಳಿದುಬಿಟ್ಟಳು. ಅಂದಿನಿಂದ ಕಲ್ಯಾಣ ನಗರದ ತಂಗಿ ಮನೆಗೆ ಬಸ್ಸಿನಲ್ಲೇ ಹೋಗುತ್ತಾಳೆ. ಪಕ್ಕದ ಸೀಟು ಖಾಲಿಯಿದ್ದರೆ ಕಾರು ತೆಗೆಯಲು ನನಗೆ ಮನಸ್ಸೇ ಬರುವುದಿಲ್ಲ ಸ್ವಾಮಿ.

ಆದ್ದರಿಂದ ತಾವು ದಯಮಾಡಿ ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ಹಸಿರು ಬಟ್ಟೆ ಕಟ್ಟಿಸಿ, ಲಾರಿಗಳನ್ನೆಲ್ಲ ಆಮೇಲೆ ಅಂಟಿಸುವ ಏರ್ಪಾಡು ಮಾಡಬೇಕು. ಅದಾಗದಿದ್ದರೆ ಮುನೀರ್ ಮತ್ತು ಜಟ್ಟೆಪ್ಪನವರನ್ನು ಒಂದು ಸಂಜೆ ನಮ್ಮ ಮನೆಗೆ ಕಳಿಸಿಕೊಡಬೇಕು. ಕ್ಯಾಮೆರಾ ಬೇಡ. ಅರ್ಧ ಗಂಟೆ ಕುಲುಕಿದರೆ ಸಾಕು; ಈ ಸಲ ನಾನು ಎದುರಿಗೆ ನೋಡುವುದಿಲ್ಲ.

ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬರೆಯುತ್ತಿರುವ
ತಮ್ಮ ವಿಶ್ವಾಸಿ,
ವೆಂಕಟಸುಬ್ಬಯ್ಯ
ಕಾರ್ಖಾನೆಯ ನಿವೃತ್ತ ಸುರಕ್ಷತಾ ಅಧಿಕಾರಿ

ಮರೆತ ಮಾತು: ನಿನ್ನೆ ಪ್ರಸಾರವಾದ ಕಂತಿನಲ್ಲಿ ತಮ್ಮ ನಾಯಕ ಕೆ.ಆರ್. ಪುರದವರೆಗೂ ಹ್ಯಾಂಡ್‌ಬ್ರೇಕ್ ಎತ್ತಿಕೊಂಡೇ ಹೋದ. ಸೋಫಾದಿಂದ ಎದ್ದು ಹೋಗಿ, ಪರದೆಯ ಮೇಲೆ ಬೆರಳಿಟ್ಟು ಅಂಬುಜಾಗೆ ತೋರಿಸಿದೆ. ಅವಳು ಟಿ.ವಿ. ಆರಿಸಿ, “ನಿಮ್ಗೆ ಅದೇ ಕಾಣಿಸ್ತಾ” ಎಂದು ಕೇಳಿ ಒಳಗೆ ಹೋದಳು. ಮುನೀರ್, ಜಟ್ಟೆಪ್ಪ ಇಬ್ಬರನ್ನೂ ಇಂದೇ ಕಳಿಸಿ.