ಮಾವನ ಎಂ.ಟೆಕ್ಕು

ನಮ್ಮ ಸೋದರಮಾವನಷ್ಟು ಶಿಸ್ತಿನ ವಿದ್ಯಾರ್ಥಿ ಇಡೀ ಪುಣೆಯಲ್ಲಿ ಇನ್ನೊಬ್ಬನಿಲ್ಲ. ವಯಸ್ಸು ಮಾತ್ರ ಐವತ್ತರ ಹತ್ತಿರ! ತಳೇಗಾಂವದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಎಂ.ಟೆಕ್ ಇಲ್ಲದವರನ್ನು ಡಿಸೈನ್ ವಿಭಾಗಕ್ಕೆ ಸೇರಿಸುವುದಿಲ್ಲ ಎಂದು ತಿಳಿದ ಮೇಲೆ ಕಡಿಮೆ ಫೀಸಿನ ಆನ್‌ಲೈನ್ ಕೋರ್ಸಿಗೆ ಸೇರಿಕೊಂಡ. ಪಾಠ ಮನೆಯಲ್ಲೇ, ಲ್ಯಾಬಿಗೆ ಮಾತ್ರ ಆಗೊಮ್ಮೆ ಈಗೊಮ್ಮೆ ಕಾಲೇಜಿಗೆ.

ಮನೆಯಲ್ಲೇ ಎಂದು ಲುಂಗಿಯಲ್ಲಿ ಕೂತು ಪಾಠ ಕೇಳುವ ಗಿರಾಕಿಯೇ ಅವನು? ಸ್ನಾನ, ಹಣೆಗೆ ವಿಭೂತಿ, ಇಸ್ತ್ರಿ ಅಂಗಿ, ಕಾಲಿಗೆ ಬೂಟು! ಪರದೆಯ ಮೇಲೆ ಮೇಡಂ ಬಂದ ಕೂಡಲೇ ಎದ್ದು ನಿಲ್ಲುತ್ತಿದ್ದ. ಅವರಿಗೆ ಕಾಣುತ್ತಿದ್ದುದು ಬರೀ ಬೆಲ್ಟಿನ ಬಕಲ್ಲು. “ಸರ್, ಪ್ಲೀಸ್ ಬೈಠಿಯೇ” ಎಂದು ಮಗಳ ವಯಸ್ಸಿನ ಆ ಮೇಡಂ ಅಂಗಲಾಚುತ್ತಿದ್ದರು.

“ಏನ್ರಿ, ಅವರಿಗೆ ಕಾಣೂದು ಮಾರಿ ಅಷ್ಟ. ಬೂಟ್ ಯಾಕ?” ಎಂದು ಮಾಮಿ ಕೇಳಿದರೆ, “ಅವರಿಗೆ ಕಾಣೂದಿಲ್ಲ ಖರೆ. ನನಗ ಗೊತ್ತಿರ್ತದಲ್ಲ!” ಎನ್ನುತ್ತಿದ್ದ.

ಕೊನೆಯ ವಿಷಯದ ಪರೀಕ್ಷೆ ಬಂತು. ಅದೂ ಮನೆಯಿಂದಲೇ. ಆದರೆ ಕ್ಯಾಮೆರಾ ಬಿಟ್ಟು ಆಚೆ ಹೋಗುವಂತಿಲ್ಲ; ಹೋದರೆ ಪೇಪರು ತಾನಾಗಿ ಮುಚ್ಚುತ್ತದೆ, ಮತ್ತೆ ಬರೆಯುವುದು ಮುಂದಿನ ವರ್ಷ. ಡಿಸೈನ್ ವಿಭಾಗದ ಖಾಲಿ ಜಾಗ ಅಲ್ಲಿಯವರೆಗೆ ಇವನಿಗಾಗಿ ಕಾಯುತ್ತದೆಯೇ? ಮಾವ ಕುಕ್ಕರಿಗೆ ರಜೆ ಕೊಟ್ಟ. ಡೋರ್‌ಬೆಲ್ಲಿನ ತಂತಿ ಕಿತ್ತ. ಕೆಳಗಿಳಿದು, ತರಕಾರಿ ಮಾರುವವಳಿಗೆ “ಮಾವಶಿ, ಆಜ್ ಓರಡೂ ನಕಾ” ಎಂದು ಕೈಮುಗಿದು, ಇವತ್ತೊಂದು ದಿನ ಕೂಗದಂತೆ ಬೇಡಿಕೊಂಡು ಬಂದ. ನನ್ನನ್ನು ಬಾಗಿಲ ಕಾವಲಿಗೆ ಕೂರಿಸಿದ.

ಅಜ್ಜಿಗೆ ಮಾತ್ರ ಏನೂ ಹೇಳಲಿಲ್ಲ. ಮಾವನ ತಾಯಿ, ಒಳಕೋಣೆಯಲ್ಲಿ ಮಲಗಿದ್ದಳು. ಲಕ್ವ ಹೊಡೆದಾಗಿನಿಂದ ಅವಳ ಬಾಯಿಂದ ಒಂದು ಮಾತೂ, ಮಗನನ್ನು ಕರೆಯುತ್ತಿದ್ದ ‘ತಮ್ಮಾ’ ಕೂಡ, ಹೊರಟಿರಲಿಲ್ಲ.

ಪರೀಕ್ಷೆ ಅರ್ಧಕ್ಕೆ ಬಂದಿತ್ತು. ಒಳಗಿನಿಂದ ತೊದಲು ದನಿಯೊಂದು ಕೇಳಿಸಿತು.

“ತಮ್ಮಾ...”

ನಾನು ಏಳುವಷ್ಟರಲ್ಲಿ ಮಾವ ಕುರ್ಚಿ ತಳ್ಳಿ ಒಳಗೆ ಓಡಿಯಾಗಿತ್ತು. ಲ್ಯಾಪ್‌ಟಾಪು ಎರಡು ಸಲ ಎಚ್ಚರಿಸಿ, ಪೇಪರನ್ನು ಮುಚ್ಚಿತು. ನನಗೆ ಅಳುವೇ ಬಂದುಬಿಟ್ಟಿತು.

“ಮಾಮಾ, ನಾ ಹೋಗಿ ನೋಡ್ತಿದ್ನಲ್ರಿ! ಪೇಪರ್ ಹೋತಲ್ರಿ!”

ಮಾವ ಹಾಸಿಗೆಯ ಅಂಚಿನಲ್ಲಿ ಅಜ್ಜಿಯ ಕೈ ಹಿಡಿದು ಕೂತಿದ್ದ. ನನ್ನ ಕಡೆ ತಿರುಗಲಿಲ್ಲ.

“ಸುಮ್ಕಿರೋ,” ಎಂದ. “ಇನ್ನೊಮ್ಮೆ ಕರೀತಾಳೇನೋ, ಕೇಳೂಣು.”